ಹದ ಹಿಡಿದಿಟ್ಟ ಟೇಪುಗಳು

ಗ್ರೇಸ್ ಹಾಪರ್ 1982ರ ಆಗಸ್ಟ್ 19ರಂದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಕಂಪ್ಯೂಟರುಗಳ ನಾಳೆಯ ಕುರಿತು ಒಂದು ಉಪನ್ಯಾಸ ಕೊಟ್ಟರು. ಮನುಷ್ಯರಿಗೆ ಅರ್ಥವಾಗುವ ಮಾತಿನಲ್ಲಿ ಬರೆದ ಆದೇಶಗಳನ್ನು ಯಂತ್ರವೇ ತನ್ನ ಭಾಷೆಗೆ ತಿರುಗಿಸಿಕೊಳ್ಳಬಲ್ಲದು ಎಂದು 1950ರ ದಶಕದಲ್ಲೇ ಮಾಡಿ ತೋರಿಸಿದವರು ಅವರು. ಕೊಬಾಲ್ ಭಾಷೆ ಹುಟ್ಟಿದ್ದು ಅವರ ಕೆಲಸದ ಬುನಾದಿಯ ಮೇಲೆ. ಉಪನ್ಯಾಸದ ಹೊತ್ತಿಗೆ ಅವರಿಗೆ 75 ವರ್ಷ. ಅದನ್ನು ಒಂದಿಂಚು ಅಗಲದ ಟೇಪಿನ ಎರಡು ಸುರುಳಿಗಳಲ್ಲಿ ಚಿತ್ರೀಕರಿಸಿ ಎತ್ತಿಟ್ಟರು. 42 ವರ್ಷ ಕಳೆದು, 2024ರಲ್ಲಿ, ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಡಿ ಆ ದಾಖಲೆ ಬೇಕೆಂದು ಅರ್ಜಿ ಹೋದಾಗ ಬಂದ ಉತ್ತರದ ತಿರುಳು ಇಷ್ಟು: ಟೇಪುಗಳಿವೆ, ಹಾಕಿ ನೋಡುವ ಯಂತ್ರ ನಮ್ಮಲ್ಲಿಲ್ಲ; ನೋಡದೆ ಒಳಗೇನಿದೆ ಎಂದು ಹೇಳಲಾಗದು; ಯಂತ್ರ ಹುಡುಕಿ ತರುವ ಹೊಣೆಯೂ ನಮ್ಮದಲ್ಲ. ಅನ್ಯರ ಗುಪ್ತಲಿಪಿ ಬಿಡಿಸುವುದೇ ಕಸುಬಾದ ಸಂಸ್ಥೆಗೆ ತನ್ನ ಕಪಾಟಿನ ಟೇಪನ್ನು ಓದಲು ದಾರಿ ಇರಲಿಲ್ಲ. ವಿಷಯ ಸುದ್ದಿಯಾಯಿತು. ರಾಷ್ಟ್ರೀಯ ಪತ್ರಾಗಾರ ಮುಂದೆ ಬಂದು ಟೇಪಿನಿಂದ ದೃಶ್ಯವನ್ನು ತೆಗೆದುಕೊಟ್ಟಿತು. ಆಗಸ್ಟ್ 26ರಂದು ಉಪನ್ಯಾಸ ಎಲ್ಲರಿಗೂ ಸಿಕ್ಕಿತು. ಒಂದಡಿಗೆ ಚೂರು ಕಡಿಮೆ ಇರುವ ತಂತಿಯ ತುಂಡನ್ನು ಕೈಯಲ್ಲಿ ಹಿಡಿದು, ಒಂದು ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ ಓಡಿದರೂ ಇಷ್ಟೇ ದೂರ ಹೋಗಬಲ್ಲದು ಎಂದು ಹಾಪರ್ ತೋರಿಸುವುದನ್ನು ಈಗ ಯಾರು ಬೇಕಾದರೂ ನೋಡಬಹುದು.

ಇಲ್ಲಿ ಟೇಪು ಉಳಿದದ್ದಕ್ಕೆ ಹಾಪರ್ ಅವರ ಹೆಸರು ದೊಡ್ಡದಾಗಿದ್ದದ್ದು ಕಾರಣ. ಅಷ್ಟು ದೊಡ್ಡ ಹೆಸರಿಲ್ಲದ ಸಾವಿರಾರು ಟೇಪುಗಳು ಅದೇ ಕಾಲದಲ್ಲಿ ತಯಾರಾದವು. ಲೆಕ್ಕದ ಹಾಳೆಯಲ್ಲಿ ಮೊತ್ತ ಕೂಡಿಸುವುದು ಹೇಗೆ, ಡಾಸ್‌ನಲ್ಲಿ ಕಡತ ನಕಲು ಮಾಡುವುದು ಹೇಗೆ, ಮೌಸ್ ಹಿಡಿಯುವುದು ಹೇಗೆ ಎಂದು ಕಲಿಸಿದ ಟೇಪುಗಳು ಅವು. ಇವನ್ನು ಉಳಿಸಬೇಕು ಎಂದರೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ, ಆ ತಂತ್ರಾಂಶವನ್ನೇ ಯಾರೂ ಬಳಸದ ಮೇಲೆ ಅದನ್ನು ಕಲಿಸುವ ಪಾಠ ಯಾರಿಗೆ ಬೇಕು ಎಂಬುದು. ಪ್ರಶ್ನೆ ಸಹಜವೇ. ಆದರೆ ಅದು ಟೇಪಿನ ಬೆಲೆಯನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ. ಪಾಠ ಹಳತಾಗಿದೆ, ನಿಜ. ಪಾಠ ಹೇಳುವಾಗ ಕ್ಯಾಮೆರಾ ತನಗೆ ಗೊತ್ತಿಲ್ಲದೆಯೇ ಹಿಡಿದದ್ದು ಬೇರೆಲ್ಲೂ ದಾಖಲಾಗಿಲ್ಲ. ಜನ ಕಂಪ್ಯೂಟರಿನ ಮುಂದೆ ಮೊದಲ ಸಲ ಕುಳಿತಾಗ ಏನು ಅರ್ಥವಾಗುತ್ತಿರಲಿಲ್ಲ, ಯಾವುದಕ್ಕೆ ಹೆದರುತ್ತಿದ್ದರು, ಯಂತ್ರ ಎಷ್ಟು ನಿಧಾನವಾಗಿ ಉತ್ತರಿಸುತ್ತಿತ್ತು, ಆ ಬಿಡುವಿನಲ್ಲಿ ಕೈಗಳು ಏನು ಮಾಡುತ್ತಿದ್ದವು ಎಂಬುದೆಲ್ಲ ಅಲ್ಲಿದೆ.

ಆ ಕಾಲವನ್ನು ಸ್ವಲ್ಪ ನೆನೆಯಬೇಕು. ವಿಎಚ್‌ಎಸ್ ಮಾದರಿಯ ವಿಸಿಆರ್ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿದ್ದು 1981ರಲ್ಲಿ. ಮನೆಗೆ ಬಂದ ಎರಡು ಹೊಸ ಪೆಟ್ಟಿಗೆಗಳಲ್ಲಿ ಒಂದು ಇನ್ನೊಂದಕ್ಕೆ ಮೇಷ್ಟ್ರಾಯಿತು. ಕೈಪಿಡಿಗಳು ದಪ್ಪ, ತರಗತಿಗಳು ದುಬಾರಿ. ನಡುವೆ ನಿಂತದ್ದು ಟೇಪು, ಬೇಕಾದಲ್ಲಿ ನಿಲ್ಲಿಸಿ, ಹಿಂದೆ ಸುತ್ತಿ, ಮತ್ತೆ ಕೇಳಬಹುದಾದ ಪಾಠ. ಬ್ರಿಟನ್ನಿನಲ್ಲಿ ಬಿಬಿಸಿ 1982ರ ಜನವರಿಯಲ್ಲಿ ಹತ್ತು ಕಂತುಗಳ ಒಂದು ಕಾರ್ಯಕ್ರಮವನ್ನೇ ಶುರುಮಾಡಿತು. ಅದರ ಜೊತೆ ಓದಲು ಪುಸ್ತಕ, ಮುಟ್ಟಲು ಬಿಬಿಸಿ ಮೈಕ್ರೊ ಎಂಬ ಯಂತ್ರ. ಹನ್ನೆರಡು ಸಾವಿರ ಯಂತ್ರ ಮಾರಿದರೆ ಹೆಚ್ಚು ಎಂದುಕೊಂಡಿದ್ದರು, ಹದಿನೈದು ಲಕ್ಷ ಮಾರಿಹೋಯಿತು. ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ 1983ರಿಂದ 2002ರವರೆಗೆ ‘ಕಂಪ್ಯೂಟರ್ ಕ್ರಾನಿಕಲ್ಸ್’ ನಡೆಯಿತು. ತಂತ್ರಾಂಶ ಬರೆದವರೇ ಸ್ಟುಡಿಯೋಗೆ ಬಂದು ಕೀಲಿ ಒತ್ತಿ ತೋರಿಸುತ್ತಿದ್ದರು. ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆದ ಗ್ಯಾರಿ ಕಿಲ್ಡಾಲ್ ಕೆಲವು ವರ್ಷ ಅದರ ಸಹನಿರೂಪಕರಾಗಿದ್ದರು. 1995ರಲ್ಲಿ ಮೈಕ್ರೊಸಾಫ್ಟ್ ವಿಂಡೋಸ್ 95 ಕಲಿಸಲು ‘ಫ್ರೆಂಡ್ಸ್’ ಧಾರಾವಾಹಿಯ ಜೆನಿಫರ್ ಅನಿಸ್ಟನ್ ಮತ್ತು ಮ್ಯಾಥ್ಯೂ ಪೆರ್ರಿ ಅವರನ್ನಿಟ್ಟುಕೊಂಡು ಸುಮಾರು ಒಂದು ಗಂಟೆಯ ಟೇಪು ಮಾಡಿಸಿತು. ಅಷ್ಟು ಹೆಸರುವಾಸಿ ನಟರನ್ನು ಕರೆಸಿ ಸ್ಟಾರ್ಟ್ ಗುಂಡಿ ಒತ್ತುವುದನ್ನು ಹೇಳಿಕೊಡಬೇಕಾಯಿತು ಎಂಬುದೇ ಆ ಕಾಲದ ಬಗ್ಗೆ ಒಂದು ಸಾಕ್ಷ್ಯ.

ಅಡುಗೆಯಲ್ಲಿ ನಾವು ಹದ ಎನ್ನುತ್ತೇವೆ. ಮೈಸೂರು ಪಾಕಿಗೆ ಎಷ್ಟು ತುಪ್ಪ, ಎಷ್ಟು ಸಕ್ಕರೆ ಎಂದು ಪುಸ್ತಕದಲ್ಲಿ ಬರೆಯಬಹುದು. ಪಾಕ ಎಳೆ ಬರುವ ಗಳಿಗೆಯನ್ನು ಬರೆಯಲಾಗದು, ಪಕ್ಕದಲ್ಲಿ ನಿಂತು ನೋಡಬೇಕು. ಕಂಪ್ಯೂಟರ್ ಬಳಕೆಗೂ ಹದವಿತ್ತು. ಮೌಸಿನ ಗುಂಡಿಯನ್ನು ಎರಡು ಸಲ ಒತ್ತಿ ಎಂದು ಕೈಪಿಡಿ ಹೇಳುತ್ತದೆ. ಎರಡರ ನಡುವೆ ಎಷ್ಟು ಬಿಡುವು, ಒತ್ತುವಾಗ ಕೈ ಅಲುಗಿದರೆ ಏನಾಗುತ್ತದೆ, ಮೌಸು ಮೇಜಿನ ಅಂಚಿಗೆ ಬಂದರೆ ಎತ್ತಿ ಮತ್ತೆ ನಡುವಿಗಿಡಬಹುದೇ ಎಂಬುದನ್ನು ಟೇಪಿನಲ್ಲಿ ಪಾಠ ಹೇಳುವಾಕೆಯ ಮಣಿಕಟ್ಟು ತೋರಿಸುತ್ತದೆ. ಫ್ಲಾಪಿ ಹಾಕಿದ ಮೇಲೆ ದೀಪ ಆರುವವರೆಗೆ ತೆಗೆಯಬೇಡಿ ಎಂದು ಹೇಳಿ, ದೀಪ ಆರುವವರೆಗೂ ಕಾಯುತ್ತ ಆಕೆ ಬೇರೇನೋ ಮಾತಾಡುತ್ತಾಳೆ. ಆ ಕಾಯುವಿಕೆಯೇ ದಾಖಲೆ. ಇಂದು ಅದೇ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಓಡಿಸಿದರೆ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಗಿನ ಕಾರಕೂನ ಒಂದು ದಿನದಲ್ಲಿ ಎಷ್ಟು ಪತ್ರ ಮುಗಿಸುತ್ತಿದ್ದ, ಯಾಕೆ ಅಷ್ಟೇ ಮುಗಿಸುತ್ತಿದ್ದ ಎಂದು ಲೆಕ್ಕ ಹಾಕಬೇಕಾದ ಇತಿಹಾಸಕಾರನಿಗೆ ಆ ವೇಗ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಎಮ್ಯುಲೇಟರ್ ಸಾಲದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಈ ತಂತ್ರಾಂಶಗಳು ಸಂರಕ್ಷಣೆಯ ದೊಡ್ಡ ಸಾಧನೆ. ಇಂಟರ್ನೆಟ್ ಆರ್ಕೈವ್ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಮಾಡಿತು. ಕೈಪಿಡಿಗಳೂ ಸ್ಕ್ಯಾನ್ ಆಗಿ ಸಿಗುತ್ತವೆ. ಯಂತ್ರವೂ ಉಳಿಯಿತು, ಪುಸ್ತಕವೂ ಉಳಿಯಿತು, ಇನ್ನೇನು ಬೇಕು? ಉತ್ತರಕ್ಕೆ ಒಂದು ವಸ್ತುವನ್ನೇ ನೋಡೋಣ. 1984ರಲ್ಲಿ ಆಪಲ್ ಸಂಸ್ಥೆ ಮೊದಲ ಮ್ಯಾಕಿಂಟಾಷ್ ಜೊತೆ ಒಂದು ಫ್ಲಾಪಿಯನ್ನೂ ಒಂದು ಆಡಿಯೊ ಕ್ಯಾಸೆಟ್ಟನ್ನೂ ಕೊಟ್ಟಿತು. ಎರಡನ್ನೂ ಒಟ್ಟಿಗೆ ಶುರುಮಾಡಬೇಕು. ಪರದೆಯ ಮೇಲೆ ಬಾಣ ತಾನಾಗಿ ಚಲಿಸುತ್ತದೆ, ಕಿಟಕಿಗಳು ತೆರೆದು ಮುಚ್ಚುತ್ತವೆ. ಏನು ನಡೆಯುತ್ತಿದೆ, ಯಾಕೆ ನಡೆಯುತ್ತಿದೆ ಎಂದು ಕ್ಯಾಸೆಟ್ಟಿನ ದನಿ ವಿವರಿಸುತ್ತದೆ. ಆ ಫ್ಲಾಪಿಯನ್ನು ಎಮ್ಯುಲೇಟರಿನಲ್ಲಿ ಓಡಿಸಿದರೆ ಸಿಗುವುದು ಮೂಕಾಭಿನಯ. ಒಂದೊಂದು ಬಿಂದುವೂ ಸರಿಯಿದೆ, ಅರ್ಥ ಮಾತ್ರ ಕ್ಯಾಸೆಟ್ಟಿನಲ್ಲಿದೆ. ಕಂಪ್ಯೂಟರ್ ಇತಿಹಾಸದ ಬಹುಪಾಲು ಹೀಗೆಯೇ ಎರಡು ತುಂಡಾಗಿದೆ ಎಂದು ನನಗನಿಸುತ್ತದೆ. ತಂತ್ರಾಂಶವನ್ನು ಮಾತ್ರ ಉಳಿಸಿದವರು ಯಕ್ಷಗಾನದ ವೇಷವನ್ನು ಪೆಟ್ಟಿಗೆಯಲ್ಲಿಟ್ಟು ಭಾಗವತರನ್ನು ಮರೆತ ಹಾಗೆ.

ಉಳಿದುಕೊಂಡ ಟೇಪು ಮುಂದೆ ಏನಾಗಬಲ್ಲದು ಎಂಬುದಕ್ಕೂ ನಿದರ್ಶನವಿದೆ. 1986ರಲ್ಲಿ ಎಂಐಟಿಯ ಹೆರಾಲ್ಡ್ ಏಬೆಲ್ಸನ್ ಮತ್ತು ಜೆರಾಲ್ಡ್ ಸಸ್‌ಮನ್ ತಮ್ಮ ಪ್ರೋಗ್ರಾಮಿಂಗ್ ಪಠ್ಯವನ್ನು ಹ್ಯೂಲೆಟ್ ಪ್ಯಾಕರ್ಡ್ ನೌಕರರಿಗೆ ಪಾಠ ಮಾಡಿದರು. ಅದನ್ನು ವಿಡಿಯೊದಲ್ಲಿ ಹಿಡಿದರು. ಒಂದು ಕಂಪನಿಯ ಒಳಗಿನ ತರಬೇತಿಗಾಗಿ ಮಾಡಿದ ಟೇಪುಗಳು ಅವು. ಕೆಲಸ ಮುಗಿದ ಮೇಲೆ ಅಳಿಸಿ ಮೇಲೆ ಬೇರೇನೋ ತುಂಬಿದ್ದರೆ ಆಗ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆ ಇಪ್ಪತ್ತು ಪಾಠಗಳು ಉಳಿದವು, ಮುಂದೆ ಮುಕ್ತ ಪರವಾನಗಿಯಡಿ ಅಂತರ್ಜಾಲಕ್ಕೆ ಬಂದವು. ಅವು ತಯಾರಾದಾಗ ಹುಟ್ಟಿಯೇ ಇರದಿದ್ದವರು ಇಂದು ಅವುಗಳಿಂದ ಕಲಿಯುತ್ತಿದ್ದಾರೆ. ಅಲ್ಲಿ ಬಳಸಿದ ಯಂತ್ರಗಳು ಹಳತಾದವು, ಯೋಚಿಸುವ ಕ್ರಮ ಹಳತಾಗಲಿಲ್ಲ. ಯಾವುದು ಮುಂದೆ ಬೆಲೆಬಾಳುತ್ತದೆ ಎಂದು ಟೇಪು ತಯಾರಾದ ವರ್ಷದಲ್ಲಿ ಯಾರಿಗೂ ತಿಳಿಯುವುದಿಲ್ಲ.

ಅವಸರ ಯಾಕೆ ಎಂಬುದಕ್ಕೆ ಟೇಪಿನ ಒಳಗನ್ನು ನೋಡಬೇಕು. ವಿಎಚ್‌ಎಸ್ ಟೇಪು ಎಂದರೆ ಅರ್ಧ ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಾಂತೀಯ ಕಣಗಳನ್ನು ಪಾಲಿಯುರೆಥೇನ್ ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಪಾಲಿಯೆಸ್ಟರ್ ಗಟ್ಟಿ, ಅಂಟು ಅಲ್ಲ. ಗಾಳಿಯ ತೇವ ಅಂಟನ್ನು ನಿಧಾನಕ್ಕೆ ಒಡೆಯುತ್ತದೆ. ಒಡೆದ ಅಂಟು ಜಿಗುಟಾಗಿ, ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ತೇವ ಹೆಚ್ಚಿದ್ದಲ್ಲಿ ಬೂಷ್ಟು ಹಿಡಿದು, ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಮಚ್ಚೆಯಾಗಿ ಕಾಣುತ್ತದೆ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಹೆಡ್ಡುಗಳನ್ನು ಹೊತ್ತ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತ ಓರೆಯಾಗಿ ಗೀಚಿದ ಗೆರೆಗಳನ್ನು ಓದುತ್ತದೆ. ಒಂದೊಂದು ಗೆರೆಯ ಅಗಲ ಸುಮಾರು 49 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು. ಅಷ್ಟು ಸಣ್ಣ ದಾರಿಯಲ್ಲಿ ಒಂದು ಧೂಳಿನ ಕಣ ಬಂಡೆಯಿದ್ದಂತೆ. ಇನ್ನು ಸಾಮಾನ್ಯ ವಿಸಿಆರ್ ಓದುವ ಧ್ವನಿ ಇರುವುದು ಟೇಪಿನ ಒಂದು ಅಂಚಿನಲ್ಲಿ. ಟೇಪು ಮಡಚಿದರೆ, ಸುಕ್ಕಾದರೆ ಮೊದಲ ಪೆಟ್ಟು ಅಂಚಿಗೆ. ಕಲಿಕೆಯ ಟೇಪುಗಳಿಗೆ ಇದು ಬೇರೆ ಟೇಪುಗಳಿಗಿಂತ ದೊಡ್ಡ ನಷ್ಟ. ವಿಎಚ್‌ಎಸ್ ಚಿತ್ರದ ಸ್ಪಷ್ಟತೆ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟೇ. ಒಂದು ಸಾಲಿಗೆ 80 ಅಕ್ಷರವಿದ್ದ ಡಾಸ್ ಪರದೆಯನ್ನು ಅದರಲ್ಲಿ ಓದುವುದು ಕಷ್ಟ. ಹಾಗಾಗಿಯೇ ಪಾಠ ಹೇಳುವವರು ಒತ್ತಿದ ಕೀಲಿಗಳನ್ನೆಲ್ಲ ಬಾಯಿಬಿಟ್ಟು ಹೇಳುತ್ತಿದ್ದರು. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತಿತ್ತು. ಆ ಅಂಚು ಹೋದರೆ ಪಾಠವೇ ಹೋಯಿತು.

ಟೇಪಿಗಿಂತ ಮೊದಲು ಯಂತ್ರ ಸಾಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎನ್ನಲಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ಉಳಿದಿರುವ ಯಂತ್ರಗಳ ರಬ್ಬರು ಉರುಳೆಗಳು ಗಡುಸಾಗಿವೆ, ಹೆಡ್ಡುಗಳು ಸವೆದಿವೆ, ರಿಪೇರಿ ಬಲ್ಲವರು ನಿವೃತ್ತರಾಗುತ್ತಿದ್ದಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು, 2025ರೊಳಗೆ ಡಿಜಿಟಲ್ ಆಗದ ಟೇಪುಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ ಎಂದು. ಆ ವರ್ಷ ಬಂದಾಗ ಎಲ್ಲ ಟೇಪುಗಳೂ ಒಮ್ಮೆಲೇ ಮಣ್ಣಾಗಲಿಲ್ಲ, ಎಚ್ಚರಿಕೆಯ ಅರ್ಥವೂ ಅದಾಗಿರಲಿಲ್ಲ. ಟೇಪು, ಯಂತ್ರ, ಯಂತ್ರ ಬಲ್ಲ ಕೈ ಈ ಮೂರೂ ಒಂದೆಡೆ ಸೇರುವ ಅವಕಾಶ ವರ್ಷ ವರ್ಷಕ್ಕೂ ದುಬಾರಿಯಾಗುತ್ತ ಹೋಗಿ, ಒಂದು ದಿನ ಯಾರ ಕೈಗೂ ಎಟುಕದಂತಾಗುತ್ತದೆ.

ಇವೆಲ್ಲ ಅಚ್ಚು ಹಾಕಿದಂತೆ ಸಾವಿರಗಟ್ಟಲೆ ಮಾಡಿ ಮಾರಿದ ಟೇಪುಗಳು, ಎಲ್ಲೋ ಯಾರ ಬಳಿಯೋ ಇದ್ದೇ ಇರುತ್ತವೆ ಎಂಬ ಮಾತನ್ನೂ ಕೇಳಬೇಕು. ಸಿನಿಮಾ ಟೇಪಿನ ಬಗ್ಗೆ ಈ ಮಾತು ನಡೆಯುತ್ತದೆ, ಜನ ಅದನ್ನು ಮತ್ತೆ ಮತ್ತೆ ನೋಡಲೆಂದು ಇಟ್ಟುಕೊಂಡರು. ತಂತ್ರಾಂಶದ ಪಾಠವನ್ನು ಯಾರೂ ಹಾಗೆ ಇಟ್ಟುಕೊಳ್ಳಲಿಲ್ಲ. ಮೂರನೇ ಆವೃತ್ತಿ ಬಂದ ದಿನ ಎರಡನೆಯದರ ಟೇಪು ಕಸ. ಕಚೇರಿಗಳು ಬಿಸಾಡಿದವು, ಗ್ರಂಥಾಲಯಗಳು ಜಾಗವಿಲ್ಲವೆಂದು ತೆಗೆದುಹಾಕಿದವು, ಮನೆಗಳಲ್ಲಿ ಅದರ ಮೇಲೆ ಮದುವೆಯನ್ನೋ ಮ್ಯಾಚನ್ನೋ ತುಂಬಿಕೊಂಡರು. ಹೆಚ್ಚು ಪ್ರತಿಗಳಿದ್ದ ವಸ್ತುವೇ ಎಲ್ಲರೂ ಇನ್ನೊಬ್ಬರು ಇಟ್ಟಿರುತ್ತಾರೆಂದು ನಂಬಿದ್ದರಿಂದ ಬೇಗ ಮಾಯವಾಗುತ್ತದೆ. ವರ್ಷ ಮುಗಿದೊಡನೆ ಎಲ್ಲರೂ ಬಿಸಾಡುವ ಹಳೆಯ ಪಂಚಾಂಗಗಳ ಕಥೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಕ್ಕುಸ್ವಾಮ್ಯದ ಆಕ್ಷೇಪ ಇದಕ್ಕಿಂತ ಗಟ್ಟಿ. ಟೇಪು ಮಾಡಿದವರ ಅನುಮತಿಯಿಲ್ಲದೆ ನಕಲು ಮಾಡುವುದು ಸರಿಯೇ? ಅಮೆರಿಕದಲ್ಲಿ ಒಂದು ಕಂಪನಿ 1985ರಲ್ಲಿ ಪ್ರಕಟಿಸಿದ ಟೇಪಿನ ಹಕ್ಕು 95 ವರ್ಷ, ಅಂದರೆ 2080ರ ಕೊನೆಯವರೆಗೆ ನಡೆಯುತ್ತದೆ. ಅಷ್ಟು ಕಾಲ ಟೇಪು ಬಾಳುವುದಿಲ್ಲ. ಮಾಡಿದ ಕಂಪನಿಗಳಲ್ಲಿ ಎಷ್ಟೋ ಮುಚ್ಚಿಹೋಗಿ, ಹಕ್ಕು ಯಾರ ಕೈಯಲ್ಲಿದೆ ಎಂದು ಕೇಳಲೂ ವಿಳಾಸವಿಲ್ಲ. ಕಾನೂನು ಇದನ್ನು ಪೂರ್ತಿ ಮರೆತಿಲ್ಲ. ಓದುವ ಯಂತ್ರದ ತಯಾರಿಕೆ ನಿಂತರೆ ಇಲ್ಲವೇ ಅದು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗದಂತಾದರೆ ಆ ಮಾದರಿ ಬಳಕೆ ತಪ್ಪಿದ್ದೆಂದು ಎಣಿಸಿ, ಗ್ರಂಥಾಲಯ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಬಹುದು ಎಂದು ಅಮೆರಿಕದ ಕಾನೂನು ಷರತ್ತುಗಳೊಡನೆ ಒಪ್ಪುತ್ತದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿಡಲು ಅವಕಾಶ ಕೊಟ್ಟಿದೆ. ನಕಲು ಮಾಡಿ ಇಡುವುದು ಒಂದು, ಎಲ್ಲರಿಗೂ ತೋರಿಸುವುದು ಇನ್ನೊಂದು. ಎರಡನೆಯದರ ವಾದ ಮುಗಿಯುವವರೆಗೆ ಮೊದಲನೆಯದನ್ನು ತಡೆಹಿಡಿದರೆ ವಾದಿಸಲು ಏನೂ ಉಳಿಯದು. ನಕಲು ಎಂಬುದು ಕಳ್ಳತನದ ಇನ್ನೊಂದು ಹೆಸರು ಎಂಬಂತೆ ಮಾತಾಡುವುದು ಇತ್ತೀಚಿನ ಅಭ್ಯಾಸ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು. ಓಲೆಯನ್ನು ಹುಳ ತಿನ್ನುತ್ತದೆ ಎಂಬುದು ಆಕೆಗೆ ಗೊತ್ತಿತ್ತು, ಅದಕ್ಕೆ ಸಾವಿರ ಓಲೆಕಟ್ಟುಗಳೇ ಉತ್ತರ ಎಂಬುದೂ ಗೊತ್ತಿತ್ತು.

ನನಗೆ ನಿಜಕ್ಕೂ ಕಷ್ಟವೆನಿಸುವ ಪ್ರಶ್ನೆ ಬೇರೆ. ಹಣವೂ ಯಂತ್ರಗಳೂ ಕಡಿಮೆಯಿರುವಾಗ, ಕೊನೆಯ ಕೆಲವೇ ಮಾತುಗಾರರು ಉಳಿದಿರುವ ಭಾಷೆಯ ಧ್ವನಿಮುದ್ರಣವನ್ನು ಬದಿಗಿಟ್ಟು ಲೆಕ್ಕದ ಹಾಳೆಯ ಪಾಠವನ್ನು ಉಳಿಸಬೇಕೇ? ಖಂಡಿತ ಬೇಡ. ಒಂದೇ ಯಂತ್ರ, ಒಂದೇ ದಿನವಿದ್ದರೆ ಆ ಭಾಷೆಯ ಟೇಪೇ ಮೊದಲು ಹೋಗಬೇಕು. ಆದರೆ ವಾಸ್ತವದಲ್ಲಿ ಈ ಎರಡೂ ಒಂದೇ ಸಾಲಿನಲ್ಲಿ ನಿಂತಿಲ್ಲ. ಹಳೆಯ ಕಂಪ್ಯೂಟರ್ ಟೇಪುಗಳ ಬೆನ್ನು ಹತ್ತಿದವರಲ್ಲಿ ಹೆಚ್ಚಿನವರು ತಮ್ಮ ಖರ್ಚಿನಲ್ಲಿ, ತಮ್ಮ ಬಿಡುವಿನಲ್ಲಿ ದುಡಿಯುವ ಹವ್ಯಾಸಿಗಳು. ಅವರು ಕಂಡುಕೊಂಡ ಉಪಾಯಗಳು ಎಲ್ಲ ಟೇಪುಗಳಿಗೂ ಒದಗುತ್ತವೆ. 1986ರಲ್ಲಿ ಬಿಬಿಸಿ ಹೊರತಂದ ಡೂಮ್ಸ್‌ಡೇ ಎಂಬ ಲೇಸರ್ ಡಿಸ್ಕ್ ಯೋಜನೆಯನ್ನು ತೆಗೆದುಕೊಳ್ಳಿ. 1086ರ ಮೂಲ ಡೂಮ್ಸ್‌ಡೇ ಗ್ರಂಥವನ್ನು ಇಂದಿಗೂ ಓದಬಹುದು, ಅದರ ಒಂಬೈನೂರನೇ ವರ್ಷಕ್ಕೆ ಮಾಡಿದ ಡಿಸ್ಕುಗಳು ಎರಡು ದಶಕದೊಳಗೆ ಓದಲಾಗದ ಸ್ಥಿತಿಗೆ ಬಂದಿದ್ದವು. ಅವನ್ನು ಉಳಿಸಲು ಹೊರಟ ಹವ್ಯಾಸಿಗಳು ಡಿಸ್ಕಿನಿಂದ ಬರುವ ಕಚ್ಚಾ ಸಂಕೇತವನ್ನೇ ಸೆರೆಹಿಡಿದು, ಚಿತ್ರವಾಗಿ ಬಿಡಿಸುವ ಕೆಲಸವನ್ನು ತಂತ್ರಾಂಶಕ್ಕೆ ವಹಿಸಿದರು. ಅದೇ ದಾರಿಯನ್ನು ಈಗ ವಿಎಚ್‌ಎಸ್‌ಗೂ ಹಾಕಿಕೊಂಡಿದ್ದಾರೆ. ವಿಸಿಆರ್‌ನ ಹೆಡ್ಡಿನಿಂದ ಬರುವ ಸಂಕೇತವನ್ನು ಯಂತ್ರದ ಉಳಿದ ಭಾಗಗಳಿಗೆ ಹೋಗುವ ಮೊದಲೇ ತೆಗೆದಿಟ್ಟುಕೊಂಡರೆ, ನಾಳೆ ಬರುವ ಉತ್ತಮ ತಂತ್ರಾಂಶದಿಂದ ಇನ್ನೂ ಚೆನ್ನಾಗಿ ಬಿಡಿಸಬಹುದು, ಟೇಪನ್ನು ಮತ್ತೆ ಓಡಿಸಬೇಕಿಲ್ಲ. ಜಾನಪದ ಗಾಯಕಿಯ ಟೇಪಿಗೂ ಇದೇ ಉಪಕರಣ ಸಲ್ಲುತ್ತದೆ.

ಅಷ್ಟು ಸಲಕರಣೆ ಇಲ್ಲದವರೂ ಕೆಲಸವನ್ನು ಸರಿಯಾಗಿ ಮಾಡಬಹುದು. ಕುಗ್ಗಿಸದೆ ಇಟ್ಟರೆ ಒಂದು ಗಂಟೆಯ ಚಿತ್ರ ಸುಮಾರು 75 ಗಿಗಾಬೈಟ್ ಜಾಗ ತಿನ್ನುತ್ತದೆ. ಎಫ್‌ಎಫ್‌ವಿ1 ಎಂಬ ಮುಕ್ತ ಪದ್ಧತಿ ಒಂದು ಬಿಂದುವನ್ನೂ ಕಳೆಯದೆ ಅದನ್ನು ಅರ್ಧಕ್ಕೋ ಅದಕ್ಕೂ ಕಡಿಮೆಗೋ ಇಳಿಸುತ್ತದೆ. ಅಂಗಡಿಗಳಲ್ಲಿ ಟೇಪನ್ನು ಡಿವಿಡಿಗೆ ಹಾಕಿಕೊಡುವಾಗ ಆಗುವುದು ಇದಲ್ಲ. ಅಲ್ಲಿ ಕುಗ್ಗಿಸುವಾಗ ಮೊದಲು ಬಲಿಯಾಗುವುದು ಸಣ್ಣ ಅಕ್ಷರಗಳು, ಅಂದರೆ ಈ ಟೇಪುಗಳಲ್ಲಿ ಮುಖ್ಯವಾದ ಭಾಗವೇ.

ಈ ಕಥೆಗೆ ನಮ್ಮ ದೇಶದ ಒಂದು ಎಳೆಯೂ ಇದೆ. 1984ರಲ್ಲಿ ಭಾರತ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ‘ಕ್ಲಾಸ್’ ಎಂಬ ಯೋಜನೆ ಶುರುಮಾಡಿದಾಗ, ಮೊದಲ ಹಂತದ ಸುಮಾರು 250 ಶಾಲೆಗಳಿಗೆ ಹೋದದ್ದು ಅದೇ ಬಿಬಿಸಿ ಮೈಕ್ರೊ. ಆ ಯಂತ್ರಕ್ಕಾಗಿ ಬಿಬಿಸಿ ಮಾಡಿದ ಕಾರ್ಯಕ್ರಮಗಳು ಮತ್ತು ಅವುಗಳಿಗೆ ಸಂಬಂಧಿಸಿದವು ಸೇರಿ 267 ಕಂತುಗಳು 2018ರಲ್ಲಿ ಸಾರ್ವಜನಿಕರಿಗೆ ತೆರೆದವು. ಕಂತಿನಲ್ಲಿ ತೋರಿಸಿದ ಪ್ರೋಗ್ರಾಮುಗಳನ್ನು ಅಲ್ಲೇ ಓಡಿಸಿಯೂ ನೋಡಬಹುದು. ಪಾಠವನ್ನೂ ಯಂತ್ರವನ್ನೂ ಮತ್ತೆ ಜೋಡಿಸಿದ ಈ ಕೆಲಸ ಎಲ್ಲ ಸಂಗ್ರಹಗಳಿಗೂ ಮಾದರಿ. ಅದೇ 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ‘ದೇಶವ್ಯಾಪಿ ತರಗತಿ’ ಎಂಬ ಪಾಠ ಕಾರ್ಯಕ್ರಮ ಆರಂಭವಾಯಿತು. ವಿಶ್ವವಿದ್ಯಾಲಯಗಳ ಮಾಧ್ಯಮ ಕೇಂದ್ರಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯಗಳಲ್ಲಿ, ಬೆಂಗಳೂರಿನ ಹಳೆಯ ತಂತ್ರಾಂಶ ಕಂಪನಿಗಳ ತರಬೇತಿ ವಿಭಾಗಗಳಲ್ಲಿ ಆ ಕಾಲದ ಪಾಠದ ಟೇಪುಗಳನ್ನು ಹುಡುಕುವುದು ಈಗ ಆಗಬೇಕಾದ ಕೆಲಸ. ಮೊದಲು ಒಂದು ಪಟ್ಟಿಯಾದರೂ ಆಗಲಿ.

ಅಂಥ ಟೇಪು ಸಿಕ್ಕವರು ಮೊದಲಿಗೆ ಅದನ್ನು ಕೈಗೆ ಸಿಕ್ಕಿದ ವಿಸಿಆರ್‌ಗೆ ಹಾಕಬಾರದು. ವರ್ಷಗಟ್ಟಲೆ ಓಡದ ಯಂತ್ರ ಟೇಪನ್ನು ನುಂಗಿಬಿಡಬಹುದು. ಕ್ಯಾಸೆಟ್ಟಿನ ಅಂಚಿನಲ್ಲಿರುವ ಪ್ಲಾಸ್ಟಿಕ್ ತುಣುಕನ್ನು ಮುರಿದರೆ ಅದರ ಮೇಲೆ ಅಕಸ್ಮಾತ್ ಬೇರೆ ದೃಶ್ಯ ತುಂಬುವ ಭಯ ಇರುವುದಿಲ್ಲ. ಕಿಟಕಿಯಲ್ಲಿ ಬಿಳಿ ಮಚ್ಚೆ ಕಂಡರೆ ಬೇರೆ ಟೇಪುಗಳಿಂದ ದೂರ ಇಡಬೇಕು. ಪುಸ್ತಕದಂತೆ ನೆಟ್ಟಗೆ, ತೇವವಿಲ್ಲದ ಕಡೆ ನಿಲ್ಲಿಸಬೇಕು. ಲೇಬಲ್ಲಿನ ಮೇಲೆ ಯಾರೋ ಪೆನ್ನಿನಲ್ಲಿ ಬರೆದ ತಾರೀಕು, ಆವೃತ್ತಿಯ ಸಂಖ್ಯೆ, ಇಲಾಖೆಯ ಹೆಸರು ಎಲ್ಲವನ್ನೂ ಫೋಟೊ ತೆಗೆದಿಡಬೇಕು. ಅದೇ ಪೆಟ್ಟಿಗೆಯಲ್ಲಿ ಒಂದು ಫ್ಲಾಪಿಯೂ ಇದ್ದರೆ, ಟೇಪು ಒಂದು ಕಡೆ, ಫ್ಲಾಪಿ ಇನ್ನೊಂದು ಕಡೆ ಆಗದಂತೆ ನೋಡಿಕೊಳ್ಳಬೇಕು.